ಮುಡಿಯ ಗಂಟಿನಡಿ

ಹಾಲಿನವನು ಪಾವಿನಲ್ಲಿ ಅಳೆದು ಹೊಯ್ದ ಹಾಲನ್ನು ಉಗುರಿನ ಮೇಲೊಂದು ತೊಟ್ಟು ಬಿಟ್ಟು, ನೀರು ಬೆರೆತಿದೆಯೇ ಎಂದು ನೋಡಿಯೇ ಒಳಗೆ ಒಯ್ಯುವ ಸ್ವಭಾವ ನನ್ನದು, ಸ್ನೇಹಿತರೇ. ಮಳವಳ್ಳಿಯ ಮೇಷ್ಟರು ಹೀಗೇ ಇರಬೇಕೆಂದು ಯಾರೂ ವಿಧಿಸಿರಲಿಲ್ಲ. ಆದರೂ ಅನುಮಾನವೆಂಬುದು ನನಗೆ ಉಸಿರಾಟದಷ್ಟೇ ಸಹಜವಾಗಿತ್ತು.

ಎಪ್ಪತ್ತರ ದಶಕದ ಒಂದು ಸುಗ್ಗಿಯಲ್ಲಿ, ಮೂರು ವರ್ಷದ ನನ್ನ ಮಗ ಪುಟ್ಟಸ್ವಾಮಿ ಕಬ್ಬಿನ ಗಾಡಿಯಿಂದ ಬಿದ್ದು ತೊಡೆ ಮುರಿದುಕೊಂಡ. ಮಂಡ್ಯದ ಆಸ್ಪತ್ರೆಯೊಂದರಲ್ಲಿ ಅವನ ಕಾಲಿಗೆ ತೂಕ ಕಟ್ಟಿ ಅಂಗಾತ ಮಲಗಿಸಿದರು. ಹುಟ್ಟಿದಾಗಿನಿಂದ ಅವನ ಕೂದಲಿಗೆ ಕತ್ತರಿ ಮುಟ್ಟಿಸದೆ ಮನೆದೇವರ ಮುಡಿಗೆಂದು ಬಿಟ್ಟಿದ್ದೆವು. ನನ್ನವ್ವ ಅದನ್ನು ಹಿಂದಲೆಯಲ್ಲಿ ಬಿಗಿಯಾಗಿ ಗಂಟು ಹಾಕಿ ಕಾಯುತ್ತಿದ್ದಳು.

ದಿನಾ ಬೆಳಿಗ್ಗೆ ನರ್ಸಮ್ಮ ಬಂದು ಮಗುವಿನ ಹಿಮ್ಮಡಿ, ಸೊಂಟದ ಕೆಳಗೆಲ್ಲ ಬೆರಳೊತ್ತಿ ನೋಡಿ, ಆಮೇಲೆ ತಲೆಯತ್ತ ಕೈ ಚಾಚುತ್ತಿದ್ದರು. ಅಲ್ಲೇ ನನಗೆ ಗುಮಾನಿ. ಈಕೆಯ ಕಣ್ಣು ಮಗುವಿನ ಕಿವಿಯ ಚಿನ್ನದ ಮೇಲೋ, ಇಲ್ಲಾ ಹೇನಿನ ನೆಪದಲ್ಲಿ ಮುಡಿಯನ್ನೇ ಬೋಳಿಸುವ ಹುನ್ನಾರವೋ?

"ಮುರ್ದಿರಾದು ಕಾಲು ಕಣಮ್ಮ, ತಲೆಯಲ್ಲ. ದ್ಯಾವ್ರ ಮುಡಿ ಮುಟ್ಬ್ಯಾಡ" ಎಂದಳು ಅವ್ವ.

"ಕತ್ತರಿಸಲ್ಲ ಅಜ್ಜಿ. ಚಿಕ್ಕ ಮಕ್ಕಳಿಗೆ ತಲೆಯೇ ಭಾರ. ಹೀಗೇ ಮಲಗಿದ್ರೆ ಅಲ್ಲೂ ಹುಣ್ಣಾಗುತ್ತೆ. ನೋಡ್ತೀನಷ್ಟೆ."

"ನೀವು ನಿಮ್ಮ ಕೆಲಸ ನೋಡ್ಕೊಳ್ಳಿ" ಎಂದು ಗದರಿದೆ ನಾನು. ಆಕೆ ನೋಡುತ್ತಿದ್ದುದು ತನ್ನ ಕೆಲಸವನ್ನೇ ಎಂಬುದು, ಅಯ್ಯೋ, ನನ್ನ ಮಂಡೆಗೆ ಹೊಳೆಯಲೇ ಇಲ್ಲ.

ಮಗ ಅಳುತ್ತಿದ್ದ, ಕಾಲು ನೋವೆಂದುಕೊಂಡೆವು. ನಾಲ್ಕನೆಯ ದಿನ ಅವ್ವ ಗಂಟು ಬಿಗಿಯಲು ಹೋದಾಗ ಕಿಟಾರನೆ ಕಿರುಚಿದ. ನರ್ಸಮ್ಮ ಓಡಿ ಬಂದು, ಈ ಸಲ ಯಾರನ್ನೂ ಕೇಳದೆ, ಗಂಟು ಬಿಚ್ಚಿ ಕೂದಲು ಸರಿಸಿದರು. ಅಡಿಯಲ್ಲಿ ರೂಪಾಯಿಯಗಲದ ಕೆಂಪು, ನಡುವೆ ಚರ್ಮ ಒಡೆದು ಒಸರುತ್ತಿತ್ತು. ಅಂಚಿನಲ್ಲಿ ಮೆಲ್ಲಗೆ ಬೆರಳೊತ್ತಿ ತೋರಿಸಿದರು.

"ಒತ್ತಿದ್ರೆ ಬೆಳ್ಳಗಾಗ್ಬೇಕು ಮೇಷ್ಟ್ರೇ. ಆಗ್ತಿಲ್ಲ. ಗಂಟು ಒತ್ತಿ ಒತ್ತಿ ಅಲ್ಲಿ ರಕ್ತವೇ ಓಡ್ತಿಲ್ಲ. ಮೊದ್ಲೇ ನೋಡೋಕೆ ಬಿಟ್ಟಿದ್ರೆ ತಡೀಬೋದಿತ್ತು."

ಅವ್ವ ತಾನೇ ಕೈ ಚಾಚಿದಳು. "ಕತ್ರಿ ಕೊಡವ್ವ. ದ್ಯಾವ್ರಿಗೆ ನಾನೇ ಏಳ್ಕತೀನಿ."

ಲೋಕವನ್ನೆಲ್ಲ ಶಂಕಿಸಿದವನು ನಮ್ಮದೇ ಮನೆಯ ಕೈ ಹಾಕಿದ ಗಂಟನ್ನು ಒಮ್ಮೆಯೂ ಶಂಕಿಸಲಿಲ್ಲವಲ್ಲ ಎಂದು ನನ್ನ ಮೇಲೇ ಹೇಸಿಗೆಯಾಯಿತು.

ಕಾಲು ನೆಟ್ಟಗಾಯಿತು, ಹುಣ್ಣೂ ಮಾಯಿತು. ಆ ಜಾಗದಲ್ಲಿ ಮಾತ್ರ ಮತ್ತೆ ಕೂದಲು ಹುಟ್ಟಲಿಲ್ಲ. ಹೈಸ್ಕೂಲಿಗೆ ಸೇರಿದ ವರ್ಷ ಮಗ ಹಿಂದಲೆ ಸವರಿಕೊಳ್ಳುತ್ತಾ, "ಅಪ್ಪಾ, ಇಲ್ಲೇನಾಗಿತ್ತು?" ಎಂದು ಕೇಳಿದ.

"ಗಾಡಿಯಿಂದ ಬಿದ್ದೆಯಲ್ಲಪ್ಪಾ, ಅದರ ಗಾಯ" ಎಂದುಬಿಟ್ಟೆ.

ಅವನು ನನ್ನಂಥವನಲ್ಲ. ನಂಬಿದ.