ತೌಡು ಒಣಗಿತ್ತು ಎಂದ ಹುಲಿಗೆಪ್ಪ

ಸಿಂಧನೂರಿನ ಅಕ್ಕಿ ಗಿರಣಿಗಳಲ್ಲಿ ಹಾಪರ್ ಕಟ್ಟಿಕೊಂಡರೆ ಎಲ್ಲರೂ ಮೊದಲು ಹುಡುಕುತ್ತಿದ್ದುದು ಸುತ್ತಿಗೆಯನ್ನು. ಹುಲಿಗೆಪ್ಪ ಮಿಸ್ತ್ರಿ ಮಾತ್ರ ಕಿವಿ ಹಚ್ಚುತ್ತಿದ್ದ. ಮೇಲೆ ಅಗಲ, ಕೆಳಗೆ ಕಿರಿದಾದ ಆ ತಗಡಿನ ಡಬ್ಬಕ್ಕೆ ಕೆನ್ನೆ ಒತ್ತಿ, ಬೆರಳಗಂಟಿನಿಂದ ಟಕ್ ಟಕ್ ಎನಿಸಿ, ಒಳಗೆ ತೌಡು ಎಲ್ಲಿ ನಿಂತಿದೆ ಎಂದು ಹೇಳಿಬಿಡುತ್ತಿದ್ದ. ಯಾರಾದರೂ ಸುತ್ತಿಗೆ ಎತ್ತಿದರೆ ಗದರಿಕೆ: "ಬಡದಂಗೆಲ್ಲ ಬಿಗೀತದಲೇ! ಅದೇನು ನಿನ್ನ ಎತ್ತೇನು?"

ಎಂಬತ್ತರ ದಶಕದ ಕೊನೆ. ಡಿಗ್ರಿ ಮುಗಿಸಿದ ನಾನು ಮುಕ್ಕುಂದದಿಂದ ಬಂದು ಹುಲಿಗೆಪ್ಪನಿದ್ದ ಗಿರಣಿಯ ಕಾಟಾದಲ್ಲಿ ತೂಕದ ಚೀಟಿ ಬರೆಯುತ್ತಿದ್ದೆ. ಚರ್ಚಾಸ್ಪರ್ಧೆಗಳಲ್ಲಿ ಪಳಗಿದವನು, ಪುರಾವೆ ಇಲ್ಲದೆ ದೇವರನ್ನೇ ಒಪ್ಪದವನು ಮಿಸ್ತ್ರಿಯನ್ನು ಒಪ್ಪುತ್ತೇನೆಯೇ?

"ಕಾಕಾ, ಸಣ್ಣದು ಸಣ್ಣ ತೂತಿನಾಗ ಸಲೀಸಾಗಿ ಇಳೀಬೇಕಲ್ಲ? ಭತ್ತ ಇಳೀತದ, ತೌಡು ನಿಲ್ತದ. ತರ್ಕಕ್ಕ ಕೂಡಂಗಿಲ್ಲ ಇದು."

ಅವನು ವಾದಿಸಲಿಲ್ಲ. ಮರುದಿನ ಮನೆಯಿಂದ ಜೋಳ, ಜೋಳದ ಹಿಟ್ಟು, ಎಣ್ಣೆ ಸುರಿಯುವ ಎರಡು ಲಾಳಿಕೆ ತಂದ. ಜೋಳ ಸರ್ರನೆ ಇಳಿಯಿತು. ಹಿಟ್ಟು ಬಾಯಲ್ಲೇ ಕೂತಿತು.

"ದಪ್ಪ ಕಾಳು ತನ್ನ ತೂಕಕ್ಕ ತಾ ಬೀಳ್ತದ ತಮ್ಮಾ. ಹಿಟ್ಟಿಗಿ ತೂಕಿಲ್ಲ, ಒಂದಕ್ಕೊಂದು ಹಿಡಕೊಂಡು ಕುಂಡ್ರತದ."

ಆಮೇಲೆ ಜೋಳಕ್ಕೂ ನೀರು ಚಿಮುಕಿಸಿ ಸುರಿದ. ಅದೂ ಗಂಟು ಕಟ್ಟಿ ನಿಂತಿತು. "ಹಸಿ ಆದ್ರ ಕಾಳೂ ಕೈ ಕೈ ಹಿಡೀತಾವ. ಈಗೇನಂತದ ನಿನ್ನ ತರ್ಕ?"

ಅಷ್ಟು ಖುಷಿಯಿಂದ ನಾನು ಎಲ್ಲಿಯೂ ಸೋತಿರಲಿಲ್ಲ. ಅಂದಿನಿಂದ ಅವನನ್ನು ನಂಬಿದೆ; ತಪ್ಪು ಅಲ್ಲಿಯೇ ಆಯಿತು.

ಒಂದು ಮಳೆಗಾಲ ಸೂರಿನ ತಗಡು ಸೋರಿ ತೌಡು ತೊಯ್ದು ಹಾಪರ್ ಕಟ್ಟಿತು. ಹುಲಿಗೆಪ್ಪ ಒಂದು ಹಿಡಿ ತೌಡು ಹಿಂಡಿ ಅಂಗೈ ಬಿಚ್ಚಿದ. ಬೆರಳಿನ ಗುರುತು ಹಾಗೇ ಉಳಿದಿತ್ತು. ನನ್ನೆದುರೇ ಗಿರಣಿಯ ಮಾಲೀಕ ಸಾವ್ಕಾರನಿಗೆ ಹೇಳಿದ: "ಒಳಗ ಕಮಾನು ಕಟ್ಯಾದ್ರಿ. ಮ್ಯಾಲ ನೆಲ ಇದ್ದಂಗ ಕಾಣ್ತದ, ತಳಗ ಖಾಲಿ. ಯಾರನೂ ಇಳಿಸಬ್ಯಾಡ್ರಿ, ತಳಗಿನ ಬಾಗಲಾ ಬಿಚ್ಚಿ ಕೋಲಿಲೆ ಕೆಡವತೀನಿ."

ಹೊರಗೆ ಲಾರಿ ಕಾಯುತ್ತಿತ್ತು. ಮಿಸ್ತ್ರಿ ಕೋಲು ತರಲು ಹೋದಾಗ ಸಾವ್ಕಾರ ಗುರುಗುಂಟಾದ ಹಮಾಲಿ ದುರುಗಪ್ಪನನ್ನು ಮೇಲಿನಿಂದ ಇಳಿಸಿದ. ಕಮಾನು ಕುಸಿಯಿತು. ಕುತ್ತಿಗೆಯವರೆಗೆ ಹೂತವನನ್ನು ನಾಲ್ಕು ಜನ ಎಳೆದೆವು. ಜೀವ ಉಳಿಯಿತು, ಬಲಭುಜ ಮುರಿಯಿತು.

ಕುಡಿದು ತಾನೇ ಇಳಿದ ಎಂದ ಸಾವ್ಕಾರ. ವಿಚಾರಣೆಗೆ ಲಿಂಗಸುಗೂರಿನಿಂದ ಕಾರ್ಮಿಕ ಇಲಾಖೆಯ ಸಾಹೇಬರೊಬ್ಬರು ಬಂದರು. ಸಾವ್ಕಾರನ ಮಾತೇ ನಿಜವೆಂದಾದರೆ ದುರುಗಪ್ಪನ ಕೆಲಸವೂ ಹೋಗುತ್ತಿತ್ತು, ಮರ್ಯಾದೆಯೂ. ನಡೆದದ್ದನ್ನೆಲ್ಲ ನಾನು ಬಿಡಿಸಿ ಬಿಡಿಸಿ ಹೇಳಿದೆ.

"ನೀ ಚೀಟಿ ಬರಿಯಾಂವ. ಮಿಸ್ತ್ರಿ ಏನಂತಾನ?" ಎಂದರು ಸಾಹೇಬರು.

ನಾನು ನಿರಾಳವಾಗಿ ಕೂತೆ. ಹುಲಿಗೆಪ್ಪ ಸಾವ್ಕಾರನ ಚಪ್ಪಲಿ ನೋಡುತ್ತ ಅಂದ: "ತೌಡು ಒಣಗಿತ್ತು ರೀ, ಹಾಪರ್ ಕಟ್ಟಿದ್ದೇ ಇಲ್ಲ. ಅಂವ ಯಾಕ ಇಳದನೋ ಗೊತ್ತಿಲ್ಲ."

ಕೊರಳಿಗೆ ಕೈ ಕಟ್ಟಿಕೊಂಡು ಮೂಲೆಯಲ್ಲಿ ಕೂತಿದ್ದ ದುರುಗಪ್ಪ, "ನೀನೂ ಹಿಂಗಂತಿ ಮಿಸ್ತ್ರಿ?" ಎಂದ. ಅಷ್ಟೇ.

ದುರುಗಪ್ಪನನ್ನು ಕೆಲಸದಿಂದ ತೆಗೆದರು. ನಾನು ತಾನಾಗಿಯೇ ಬಿಟ್ಟೆ. ತಿಂಗಳೊಳಗೆ ಹುಲಿಗೆಪ್ಪ, ಸಾವ್ಕಾರನ ಮಸ್ಕಿಯ ಹೊಸ ಗಿರಣಿಗೆ ಹೆಡ್ ಮಿಸ್ತ್ರಿಯಾದ. ಅವನ ಪರವಾಗಿಯೂ ನಾನೇ ವಾದಿಸಿ ನೋಡಿದ್ದೇನೆ: ಮದುವೆಗೆ ನಿಂತ ಮೂವರು ಹೆಣ್ಣುಮಕ್ಕಳು, ಸಾವ್ಕಾರ ಕೊಟ್ಟ ಮನೆಯಲ್ಲೇ ವಾಸ, ಏರಿದ ವಯಸ್ಸು. ಎಲ್ಲ ಖರೆ. ಆದರೂ ತೌಡು ಹಸಿಯೇ ಇತ್ತು.

ಕೆಲವು ವರ್ಷಗಳ ಮೇಲೆ ಮಸ್ಕಿಗೆ ಹೋಗಿ ಅವನನ್ನು ಕಂಡೆ. ಕೈ ಹಿಡಿದು ಒಳಗೆ ಕರೆದೊಯ್ದ. ಪ್ರತಿ ಹಾಪರಿನ ಬಾಯಿಗೂ ಕಬ್ಬಿಣದ ಜಾಳಿಗೆ.

"ಇಲ್ಲಿ ಯಾರೂ ಇಳಿಯಂಗಿಲ್ಲ. ಅವತ್ತ ಖರೆ ಹೇಳಿದ್ರ ನಾನೂ ಇರತಿದ್ದಿಲ್ಲ, ಈ ಜಾಳಗಿನೂ ಇರತಿದ್ದಿಲ್ಲ."

"ಇದನ್ನ ದುರುಗಪ್ಪನ ಮುಂದ ಹೇಳ್ರಿ ಕಾಕಾ. ಊರಾಗ ಇನ್ನೂ ಅವಗ ಕುಡುಕ ಅಂತಾರ. ಅವನ ಮನಿ ಮುಂದ, ನಾಕು ಮಂದಿ ಕೇಳಂಗ, ತೌಡು ಹಸಿ ಇತ್ತು ಅಂತ ಒಂದ ಮಾತು."

ಅವನು ಜಾಳಿಗೆಯ ಮೇಲಿನ ತೌಡನ್ನು ಅಂಗೈಯಿಂದ ಒರೆಸಿದ. "ನಡಿ. ಅಂಗಿ ಹಾಕ್ಕೊಂಡು ಬಸ್‌ಸ್ಟ್ಯಾಂಡಿಗಿ ಬರ್ತೀನಿ."

ಗುರುಗುಂಟಾಕ್ಕೆ ಹೋಗಲು ಹಿಡಿಯಬೇಕಿದ್ದ ಲಿಂಗಸುಗೂರಿನ ಒಂದು ಬಸ್ಸು, ಅವನಿಗಾಗಿ ಕಾಯುತ್ತ, ಬಿಟ್ಟೆ. ಇನ್ನೊಂದನ್ನೂ ಬಿಟ್ಟೆ. ಮೂರನೆಯದು ಹೊರಡುವಾಗ ಕಂಡಕ್ಟರ್ ಬಾಗಿಲಲ್ಲಿ ನಿಂತು ಕೇಳಿದ: "ಎಷ್ಟು ಮಂದಿ ಅದೀರಿ?"

"ಒಬ್ಬನೇ," ಎಂದು ಹತ್ತಿದೆ.