ಕೊನೆಯ ಸಾಲಿಗೂ ತಲುಪಿದ ಎಣಿಕೆ

ದೇಶದೇಶಗಳ ಗಡಿ, ಚಿನ್ನದ ದರ ಮುಂತಾದ ಚಿಲ್ಲರೆ ವಿಷಯಗಳನ್ನು ಬದಿಗಿಟ್ಟು ಈ ವಾರ ಒಂದು ಗಂಭೀರ ಪ್ರಶ್ನೆಯನ್ನು ಎತ್ತಿಕೊಳ್ಳಬೇಕಾಗಿದೆ. ಬಯಲಿನಲ್ಲಿ ನಿಂತು ಕೈಕಾಲು ಆಡಿಸುವ ಎಂಬತ್ತು ಜನರಿಗೆ ಎಂಥ ಸ್ಪೀಕರ್ ಬೇಕು? ಇದಕ್ಕೆ ಉತ್ತರ ಹುಡುಕುವಷ್ಟರಲ್ಲಿ ಒಂದಿಡೀ ಬಡಾವಣೆ ಎರಡು ಪಕ್ಷವಾಗಿದೆ. ಗಂಡ ಒಂದು ಕಡೆ, ಹೆಂಡತಿ ಇನ್ನೊಂದು ಕಡೆ.

ಬೆಳಕು ಸರಿಯಾಗಿ ಹರಿಯುವ ಮೊದಲೇ ಮೈದಾನದ ಗೇಟಿನ ಬೀಗ ತೆಗೆಯುವವರು ‘ಎಣಿಕೆ ಅಕ್ಕ’. ಗಂಡನ ಹಳೇ ಸ್ವೆಟರ್, ಬಣ್ಣ ಮಾಸಿದ ಟ್ರ್ಯಾಕ್ ಪ್ಯಾಂಟು, ಕೊರಳಲ್ಲಿ ಸೀಟಿ. ಅವರಿಗಿಂತ ಇಪ್ಪತ್ತು ವರ್ಷ ದೊಡ್ಡವರೂ ಅಕ್ಕ ಎಂದೇ ಕರೆಯುತ್ತಾರೆ. ಆರೋಗ್ಯ ಕಚೇರಿ ನೇಮಿಸಿದ ವ್ಯಾಯಾಮ ಶಿಕ್ಷಕಿ ಅವರು. ‘ಒಂದು, ಮೇಲೆ, ಎರಡು, ಕೆಳಗೆ’ ಎಂದು ಕೂಗುತ್ತಾ ಹನ್ನೆರಡು ವರ್ಷ ಕಳೆದಿದ್ದಾರೆ. ಕ್ಲಾಸ್ ಮುಗಿದ ಮೇಲೆ ಲಾಂಡ್ರಿಯಲ್ಲಿ ಸಂಜೆಯವರೆಗೆ ಇಸ್ತ್ರಿ.

ಅಷ್ಟು ಕೂಗಿದ್ದಕ್ಕೆ ಗಂಟಲು ಈಚೆಗೆ ಸೇಡು ತೀರಿಸಿಕೊಂಡಿದೆ. ಒಳಗೆ ಗಂಟಾಗಿದೆ, ಇನ್ನು ಕೂಗಿದರೆ ಮಾತೇ ನಿಲ್ಲುತ್ತದೆ ಎಂದಿದ್ದಾರೆ ಡಾಕ್ಟರು. ಸುದ್ದಿ ಆರೋಗ್ಯ ಕಚೇರಿಗೂ ಮುಟ್ಟಿತು. ತಿಂಗಳ ಕೊನೆಗೆ ಅಧಿಕಾರಿ ಬಂದು ನೋಡುತ್ತಾರೆ, ಕ್ಲಾಸ್ ನಡೆಸಲಾಗದಿದ್ದರೆ ಬೇರೆಯವರನ್ನು ಹಾಕುತ್ತಾರೆ ಎಂಬ ಉತ್ತರ ಬಂತು.

“ಇಸ್ತ್ರಿ ಯಾರ್ ಬೇಕಾದ್ರೂ ಮಾಡ್ಲಿ. ಈ ಕೆಲಸ ಮಾತ್ರ ಬಿಟ್ಕೊಡೋಕೆ ಮನಸ್ಸಿಲ್ಲ” ಎನ್ನುತ್ತಾರೆ ಅಕ್ಕ, ಪಿಸುಮಾತಿಗಿಂತ ತುಸು ಮೇಲಿನ ದನಿಯಲ್ಲಿ. ಬಸ್ ಓಡಿಸುವ ಗಂಡ ಪಕ್ಕದಿಂದ ಬಾಯಿ ಹಾಕುತ್ತಾರೆ. “ಮನೇಲಿ ಮಾತ್ರ ಧ್ವನಿ ಏನೂ ಕಮ್ಮಿಯಾಗಿಲ್ಲ ನೋಡಿ.”

ಮುಂದಿನ ಸಾಲಿನವರು ಕೂಡಿ ಸ್ಪೀಕರ್ ಕೊಳ್ಳಲು ನಿರ್ಧರಿಸುತ್ತಾರೆ. ವಿರೋಧ ಬರುವುದು ಹಿಂದಿನ ಸಾಲಿನಿಂದ. ಅಲ್ಲಿ ಏನೂ ಕೇಳಿಸುವುದಿಲ್ಲ. ಅದಕ್ಕೇ ಅಲ್ಲಿ ನಿಲ್ಲುತ್ತಾರೆ. ಕೈಯನ್ನು ಹೊಟ್ಟೆಯ ಮೇಲಿಟ್ಟು ಊರಿನ ಸಮಾಚಾರ ವಿನಿಮಯ ಮಾಡಿಕೊಳ್ಳುವ ಈ ಗುಂಪಿನ ನಾಯಕ ನಿವೃತ್ತ ಪೋಸ್ಟ್ ಮಾಸ್ಟರು. “ಇಷ್ಟು ವರ್ಷ ಕೇಳಿಸ್ದೇನೇ ಆರೋಗ್ಯವಾಗಿದೀವಲ್ಲಮ್ಮ” ಎಂಬುದು ಅವರ ವಾದ.

ಆದರೂ ಸ್ಪೀಕರ್ ಬರುತ್ತದೆ. ಅಂಗಡಿಯೊಳಗೆ ಹಾಡು ಹಾಕಿಸಿದಾಗ ಗಾಜಿನ ಕಪಾಟು ನಡುಗಿ, ಬಣ್ಣದ ದೀಪ ಕುಣಿದು, ಹೋದವರೆಲ್ಲ ತಲೆದೂಗಿದ್ದಾರೆ. ಮೈಕ್ ಬೇರೆ ಯಾಕೆ, ಫೋನನ್ನೇ ಅಕ್ಕನ ಕೊರಳಿಗೆ ಕಟ್ಟಿ ತಂತಿಯಿಲ್ಲದೆ ಜೋಡಿಸಿದರಾಯಿತು ಎಂದು ತೀರ್ಮಾನವಾಗಿದೆ.

ಮರುದಿನ ಅಕ್ಕ ‘ಮೇಲೆ’ ಎನ್ನುತ್ತಾರೆ. ಅವರ ಬಾಯಿ ನೋಡಿ ಮುಂದಿನ ಸಾಲಿನ ಕೈ ಮೇಲೇಳುತ್ತದೆ. ಸ್ಪೀಕರ್ ಒಂದು ಕ್ಷಣ ಯೋಚಿಸಿ ‘ಮೇಲೆ’ ಎನ್ನುವಷ್ಟರಲ್ಲಿ ಅವರ ಕೈ ಇಳಿಯುತ್ತಿದೆ, ಉಳಿದವರದು ಏಳುತ್ತಿದೆ. ನಡುವಿನ ಸಾಲಿನಲ್ಲಿ ಬಗ್ಗುತ್ತಿದ್ದ ದರ್ಜಿ, ಏಳುತ್ತಿದ್ದ ಔಷಧದಂಗಡಿಯವರಿಗೆ ಢಿಕ್ಕಿ ಹೊಡೆಯುತ್ತಾರೆ. ಮೈದಾನದ ಹಿಂದಿನ ಮಹಡಿ ಮನೆಯ ಕಿಟಕಿಯಿಂದ ಯಾರೋ ನಿದ್ದೆಯ ಬಗ್ಗೆ ಮಾತಾಡುತ್ತಾರೆ, ಅಚ್ಚು ಹಾಕಲಾಗದ ಭಾಷೆಯಲ್ಲಿ. ಹಿಂದಿನ ಸಾಲು ಆವತ್ತು ಪರಮಾನಂದದಲ್ಲಿದೆ.

“ನನ್ ಬಾಯಿಂದ ಹೊರಟ ಮಾತು ಬಸ್ ಹಿಡ್ಕೊಂಡು ಬಂದಂಗಿತ್ತು” ಎನ್ನುತ್ತಾರೆ ಅಕ್ಕ. ತಿಂಗಳು ಮುಗಿಯಲು ಉಳಿದಿರುವುದು ಒಂದೇ ವಾರ.

ಅಂಗಡಿಯವನು ನಿರ್ವಿಕಾರವಾಗಿ ವಿವರಿಸುತ್ತಾನೆ. “ಫೋನಿಂದ ಹೋದ್ರೆ ಸ್ವಲ್ಪ ತಡ ಆಗೇ ಆಗುತ್ತೆ. ಹಾಡು ತಡವಾದ್ರೆ ಯಾರಿಗ್ ಗೊತ್ತಾಗುತ್ತೆ? ಮಾತಿಗಾದ್ರೆ ಅದರದ್ದೇ ಮೈಕ್ ಇರೋದು ಬೇಕು.”

“ಮೊದಲೇ ಹೇಳ್ಬಾರದಿತ್ತೇನಪ್ಪ?”

“ನೀವು ಹಾಡು ಹಾಕು ಅಂದ್ರಿ, ಹಾಕ್ದೆ.”

ಈ ಸಲ ಹಾಡಿಲ್ಲ, ದೀಪವಿಲ್ಲ. ಸ್ವಂತ ಮೈಕ್ ಇರುವ, ಎರಡು ಕ್ಲಾಸಿಗೆ ಬ್ಯಾಟರಿ ತಡೆಯುವ, ಜಲ್ಲಿಯ ಮೇಲೂ ಉರುಳುವ ದಪ್ಪ ಚಕ್ರದ ಪೆಟ್ಟಿಗೆಯನ್ನು ಮೈದಾನಕ್ಕೇ ತರಿಸಿ ಪರೀಕ್ಷಿಸುತ್ತಾರೆ. ಎಲ್ಲಿಡಬೇಕು ಎಂಬ ಚರ್ಚೆಯನ್ನು ಮುಗಿಸುವವರು ಮುಂದಿನ ಸಾಲಿನಲ್ಲಿ ನಿಲ್ಲುವ ಪೋಸ್ಟ್ ಮಾಸ್ಟರ ಹೆಂಡತಿ.

“ನಮ್ಮನೆಯವರ ಬೆನ್ನ ಹಿಂದೆ ಇಡಿ, ಮುಖ ನಮ್ ಕಡೆಗಿರ್ಲಿ. ಮಹಡಿಯವರೂ ಮಲಗ್ಲಿ, ಇವರೂ ಏಳ್ಲಿ.”

ಅಧಿಕಾರಿ ಬರುವ ದಿನ ಅಕ್ಕ ಕೂಗುವುದಿಲ್ಲ. ಪಕ್ಕದಲ್ಲಿ ಕೂತವರ ಹತ್ತಿರ ಉಪ್ಪು ಕೇಳುವಷ್ಟು ಮೆಲ್ಲಗೆ ‘ಒಂದು, ಮೇಲೆ’ ಎನ್ನುತ್ತಾರೆ. ನೂರ ಅರುವತ್ತು ಕೈ ಒಟ್ಟಿಗೆ ಮೇಲೇಳುತ್ತವೆ. ಇಲ್ಲ, ನೂರ ಐವತ್ತೆಂಟು. ಆಗ ಪೋಸ್ಟ್ ಮಾಸ್ಟರ ಬೆನ್ನ ಹಿಂದಿನಿಂದ ಆ ಮೆಲುದನಿ ಬರುತ್ತದೆ. “ಮಾವ, ಹೊಟ್ಟೆ ಮೇಲಿಂದ ಕೈ ತೆಗೀರಿ.” ಅವರು ತಿರುಗಿ ನೋಡುತ್ತಾರೆ. ಪೆಟ್ಟಿಗೆ ಬಿಟ್ಟರೆ ಯಾರೂ ಇಲ್ಲ. ಮಾವನ ಕೈಯೂ ಏಳುತ್ತದೆ. ಗೇಟಿನ ಬಳಿ ನಿಂತ ಅಧಿಕಾರಿಯ ಕೈಯೂ, ಫೈಲು ಸಮೇತ, ಅರ್ಧಕ್ಕೆ ಎದ್ದು ನಾಚಿಕೊಂಡು ಇಳಿಯುತ್ತದೆ.

ಗಂಟಲಿಗೆ ಆರಾಮ ಸಿಕ್ಕಿದ ಅಕ್ಕನಿಗೆ ಈಗ ಸಂಜೆಗೂ ಒಂದು ಕ್ಲಾಸ್ ತೆಗೆದುಕೊಳ್ಳುವ ಆಸೆ. “ಬ್ಯಾಟರಿ ಹೆಂಗಿದ್ರೂ ಉಳಿಯುತ್ತಲ್ಲ” ಎನ್ನುತ್ತಾರೆ.

ಆರೋಗ್ಯ ಕಚೇರಿ ಅವರನ್ನೇ ಮುಂದುವರಿಸಿದೆ. ಹಿಂದಿನ ಸಾಲಿನವರು ವ್ಯಾಯಾಮ ಮಾಡುತ್ತಿದ್ದಾರೆ.