ಹಳಿಯ ಉತ್ತರಕ್ಕೆ ಸರಿದ ಹೆಲಿಕಾಪ್ಟರ್

ಕೋವಿಡ್ ಕಳೆದ ಮರುವರ್ಷ ನಾನು ನಮ್ಮ ಸೀಮೆಯ ಸಣ್ಣ ವಿಮಾನ ನಿಲ್ದಾಣವೊಂದರ ಗೋಪುರದಲ್ಲಿ ವಾಯು ಸಂಚಾರ ಅಧಿಕಾರಿಯಾಗಿದ್ದೆ. ನಿಲ್ದಾಣದ ಆಸುಪಾಸಿನ ವಿಮಾನಗಳು ನಾನು ಹೇಳಿದಂತೆ ಕೇಳಬೇಕು. ಆದರೆ ವಾಡಿ, ಚಿತ್ತಾಪುರ, ಸೇಡಂ ಮೇಲಿನ ಕೆಳಮಟ್ಟದ ಆಕಾಶ ಅನಿಯಂತ್ರಿತ. ಅಲ್ಲಿ ಪೈಲಟ್‌ಗಳು ಒಬ್ಬರನ್ನೊಬ್ಬರು ಕಣ್ಣಾರೆ ಕಂಡು ತಪ್ಪಿಸಿಕೊಳ್ಳಬೇಕು. ನಾನು ಮಾಹಿತಿ ಕೊಡಬಹುದು, ಆದೇಶ ಕೊಡುವಂತಿಲ್ಲ. ನಮಗೆ ರಾಡಾರ್ ಕೂಡ ಇರಲಿಲ್ಲ. ಗೆಳೆಯರು ಆಕಾಶದ ಕಂಡಕ್ಟರ್ ಎಂದು ಕಾಲೆಳೆಯುತ್ತಿದ್ದರು. ಕಂಡಕ್ಟರಿಗೆ ಸೀಟಿಯಾದರೂ ಇರುತ್ತದೆ ಎನ್ನುತ್ತಿದ್ದೆ.

ವಾಡಿ–ಸೇಡಂ ನಡುವೆ ಎಲ್ಲರೂ ರೈಲು ಹಳಿ ನೋಡಿಕೊಂಡು ಹಾರುತ್ತಾರೆ. ಹಳಿ ತಮ್ಮ ಎಡಕ್ಕಿರಬೇಕೆಂಬುದು ನಿಯಮ. ಹಾಗಿದ್ದರೆ ಎದುರಿನವರು ಹಳಿಯ ಆಚೆ ಬದಿಯಲ್ಲಿರುತ್ತಾರೆ. ಆದರೆ ಚಳಿಗಾಲದ ಬೆಳಿಗ್ಗೆ ಸಿಮೆಂಟ್ ಕಾರ್ಖಾನೆಗಳ ಹೊಗೆ, ದೂಳು ಹಳಿಯ ದಕ್ಷಿಣಕ್ಕೆ ಕವಿಯುತ್ತದೆ. ಪೂರ್ವಕ್ಕೆ, ಸೇಡಂ ಕಡೆ ಹೋಗುವವರು ನಿಯಮದಂತೆ ಅದರೊಳಗೇ ಹಾರಬೇಕು. ಯಾರೂ ಹಾರುತ್ತಿರಲಿಲ್ಲ; ಸದ್ದಿಲ್ಲದೆ ಉತ್ತರಕ್ಕೆ ಸರಿಯುತ್ತಿದ್ದರು.

ಆ ಡಿಸೆಂಬರ್ ಬೆಳಿಗ್ಗೆ ಸೇಡಂ ಹತ್ತಿರ ಡೀಸೆಲ್ ಟ್ಯಾಂಕರಿಗೆ ಬೆಂಕಿ ಬಿದ್ದು ಚಾಲಕ ಶರಣಪ್ಪನ ಮೈ ಸುಟ್ಟಿತ್ತು. ಹೈದರಾಬಾದಿಗೆ ಬೇಗ ಮುಟ್ಟಿಸಿದರೆ ಉಳಿದಾನು ಎಂದು ವೈದ್ಯರು ಹೇಳಿದ್ದರು. ಅವನನ್ನು ಕರೆದೊಯ್ಯಲು ಆಂಬುಲೆನ್ಸ್ ಹೆಲಿಕಾಪ್ಟರ್ ವಾಡಿ ಕಡೆಯಿಂದ ಹೊರಟಿತ್ತು. ಎದುರಿನಿಂದ ಶಹಾಬಾದಿನ ಆಯೇಷಾ, ಪೈಲಟ್ ತರಬೇತಿಯ ವಿದ್ಯಾರ್ಥಿನಿ, ಪುಟ್ಟ ವಿಮಾನದಲ್ಲಿ ಒಬ್ಬಳೇ, ನಿಯಮದಂತೆ ಹಳಿಯ ಉತ್ತರಕ್ಕೆ ಬರುತ್ತಿದ್ದಳು. ಇಬ್ಬರದೂ ಒಂದೂವರೆ ಸಾವಿರ ಅಡಿ ಎತ್ತರ. ಇಬ್ಬರಿಗೂ ಇನ್ನೊಬ್ಬರ ವಿಷಯ ತಿಳಿಸಿದ್ದೆ.

ಚಿತ್ತಾಪುರ ದಾಟುತ್ತಲೇ ಹೆಲಿಕಾಪ್ಟರ್ ಪೈಲಟ್, ಸುಲೇಪೇಟ ಮೂಲದ ಹಿರಿಯರು, ರೇಡಿಯೊದಲ್ಲಿ ಹೇಳಿದರು: "ಹೊಗಿ ಭಾಳ ಅದರಿ. ಉತ್ತರಕ್ಕ ಸರದೀನಿ."

ತಾನು ಚಿತ್ತಾಪುರದ ಸಮೀಪ ಬಂದಿದ್ದೇನೆಂದು ಆಯೇಷಾ ಆಗಷ್ಟೇ ತಿಳಿಸಿದ್ದಳು. ಎದುರುಬದುರಾದರೆ ಇಬ್ಬರೂ ಬಲಕ್ಕೆ ತಿರುಗಬೇಕು. ಆದರೆ ಅವರ ಬಲಕ್ಕಿದ್ದುದು ಹೊಗೆ. ಅವರು ಎಡಕ್ಕೇ ತಿರುಗುತ್ತಾರೆ. ಹುಡುಗಿ ನಿಯಮ ಪಾಲಿಸಿ ಬಲಕ್ಕೆ ತಿರುಗಿದರೆ ಹೋಗಿ ಅವರಿಗೇ ಬಡಿಯುತ್ತಾಳೆ. ರೇಡಿಯೊದ ಇಂಗ್ಲಿಷನ್ನೂ ನನ್ನ ಮಿತಿಯನ್ನೂ ಬಿಟ್ಟು ಕೂಗಿದೆ: "ಆಯೇಷಾ, ಎಡಕ್ಕ ತಿರುಗು! ಹೊಗಿಯೊಳಗ ಹೋಗು!"

"ಹೊಗಿಯೊಳಗಾ, ಮೇಡಂ?"

"ಈಗ್ಲೇ!"

 ರೇಡಿಯೊದ ಗರಗರ ಸದ್ದಿನ ನಡುವೆ ಅವಳ ಅಳು ಕೇಳಿಸಿತು. "ಏನೂ ಕಾಣವಲ್ದರಿ."

ಹೊರಗೆ ನೋಡಬೇಡ, ಮೀಟರ್ ನೋಡಿ ರೆಕ್ಕೆ ಸಮ ಇಡು ಎಂದು ಒಂದೇ ಮಾತನ್ನು ಹೇಳುತ್ತಲೇ ಹೋದೆ. ಹುಡುಗಿ ಹೊಗೆ ದಾಟಿ ಬಂದಳು.

ನಾನೆಣಿಸಿದಂತೆ ಹೆಲಿಕಾಪ್ಟರ್, ಎದುರಿನ ವಿಮಾನ ಕಂಡೊಡನೆ, ಎಡಕ್ಕೇ ತಿರುಗಿತ್ತು. ಗಕ್ಕನೆ ತಿರುಗಿಸಿದ ರಭಸಕ್ಕೆ ಮೇಲೆ ತಿರುಗುವ ರೋಟರ್ ರೆಕ್ಕೆಗಳು ಅದುರತೊಡಗಿ, ಗುಂಡಗುರ್ತಿ ಕಡೆಯ ತೊಗರಿ ಹೊಲದಲ್ಲಿ ಇಳಿಯಬೇಕಾಯಿತು. ಅಂದು ಅದು ಮತ್ತೆ ಏಳಲಿಲ್ಲ. ಶರಣಪ್ಪನನ್ನು ರಸ್ತೆ ಮೂಲಕ ಸಾಗಿಸಿದರು. ಹೈದರಾಬಾದ್ ಮುಟ್ಟುವ ಮೊದಲೇ ಅವನ ಉಸಿರು ನಿಂತಿತು.

ವಿಚಾರಣೆಯಲ್ಲಿ ನನ್ನ ಬೆನ್ನು ತಟ್ಟಿದರು. ಡಿಕ್ಕಿ ತಪ್ಪಿತು, ಜೀವಹಾನಿ ಇಲ್ಲ ಎಂದರು. ನನಗೆ ಸಿಟ್ಟು ಬಂತು. ಯಾರ ಮೇಲೆ ತೀರಿಸಲಿ?

ಕೆಲವು ದಿನಗಳ ನಂತರ ಶರಣಪ್ಪನ ತಮ್ಮ ನಮ್ಮ ಗೇಟಿಗೆ ಬಂದ. ಜಗಳವಾಡಲಿಲ್ಲ.

"ಮ್ಯಾಲ ಇದ್ದವ್ರೆಲ್ಲಾ ಉಳದ್ರಂತ. ಛಲೋ ಆಯ್ತರಿ. ಕೆಳಗ ನಮ್ಮಣ್ಣ ಕಾಯಲಿಕತ್ತಿದ್ದ, ಅದು ಯಾರಿಗರ ಗೊತ್ತಿತ್ತೇನ್ರಿ?"

ಗೊತ್ತಿತ್ತು ಎಂದೆ. ಅವನು ತಲೆಯಾಡಿಸಿ ಸೇಡಂ ಬಸ್ಸಿಗೆ ನಡೆದ.

ಆಕಾಶದಲ್ಲಿರುವವರನ್ನು ಕಾಯುವುದಷ್ಟೇ ನನ್ನ ಕೆಲಸವೆಂದುಕೊಂಡಿದ್ದೆ. ಅವರಿಗಾಗಿ ನೆಲದ ಮೇಲೆ ಕಾಯುವವರೂ ನನ್ನ ಪಾಲಿನವರೇ ಎಂದು ಈ ವೃತ್ತಿ ಕಲಿಸಿತು. ಅದು ಕಲಿಸಿದ ರೀತಿಯನ್ನು ನಾನಿನ್ನೂ ಕ್ಷಮಿಸಿಲ್ಲ.